ರಸೀದಿ ತೋರಿಸದ ಸುಳ್ಳು

ನಮ್ಮ ಊರಿನಲ್ಲಿ ಒಬ್ಬರಿಗೆ ವರ್ಷಕ್ಕೆ ಒಂದೇ ಸುಳ್ಳು. ಯುಗಾದಿಯಿಂದ ಯುಗಾದಿಗೆ ಲೆಕ್ಕ. ಬೇಕಾದವರು ಪುರಸಭೆಯ ಎರಡನೇ ಕೌಂಟರಿಗೆ ಬಂದು, ಯಾರಿಗೆ ಯಾವ ಸುಳ್ಳು ಹೇಳಲಿದ್ದೇನೆ ಎಂದು ಹಸಿರು ಫಾರಂನಲ್ಲಿ ಮುಂಚಿತವಾಗಿ ಬರೆದುಕೊಟ್ಟು ರಸೀದಿ ಪಡೆಯಬೇಕು. ಆಮೇಲೆ ಧಾರಾಳವಾಗಿ ಹೇಳಬಹುದು. ರಸೀದಿ ಇಲ್ಲದೆ ಬಾಯಲ್ಲಿ ಸುಳ್ಳಾಡಿದರೆ ಬಿಕ್ಕಳಿಕೆ ಹಿಡಿಯುತ್ತದೆ. ನೀರು ಕುಡಿದರೂ ನಿಲ್ಲುವುದಿಲ್ಲ, ಉಸಿರು ಕಟ್ಟಿದರೂ ನಿಲ್ಲುವುದಿಲ್ಲ. ಯಾರಿಗೆ ಸುಳ್ಳು ಹೇಳಿದೆವೋ ಅವರ ಎದುರು ನಿಜ ಹೇಳಿದ ಮೇಲೆಯೇ ನಿಲ್ಲುವುದು. ಆ ಎರಡನೇ ಕೌಂಟರಿನಲ್ಲಿ ಹತ್ತೊಂಬತ್ತು ವರ್ಷದಿಂದ ಕೂತಿರುವವಳು ನಾನು, ಇಂದುಮತಿ.

ನನ್ನ ರಿಜಿಸ್ಟರಿನ ಬಗ್ಗೆ ನನಗೆ ಜಂಬ ಇದೆ, ಮುಚ್ಚಿಡುವುದಿಲ್ಲ. ಹತ್ತೊಂಬತ್ತು ಸಂಪುಟ, ಒಂದರಲ್ಲೂ ಒಂದು ಅಕ್ಷರ ಹೊಡೆದು ತಿದ್ದಿದ್ದಿಲ್ಲ. ಮದುವೆಯ ಕಾಲದಲ್ಲಿ ನನ್ನ ಕೌಂಟರಿನ ಮುಂದೆ ನೂಕುನುಗ್ಗಲು. ಹುಡುಗಿಯ ಅಡುಗೆ, ಹುಡುಗನ ಎತ್ತರ, ಮಾವನ ಆರೋಗ್ಯ, ಎಲ್ಲವೂ ನನ್ನ ಕೈಮೇಲೆಯೇ ಹೋಗಬೇಕು. ಯುಗಾದಿಗೆ ಮುಂಚಿನ ವಾರವಂತೂ, ಉಳಿದ ಸುಳ್ಳು ಹಾಳಾಗುತ್ತದಲ್ಲ ಎಂದು ಜನ ಸಾಲುಗಟ್ಟುತ್ತಾರೆ. ಏನು ಸುಳ್ಳು ಹೇಳಬೇಕೆಂದೇ ಗೊತ್ತಿರುವುದಿಲ್ಲ, "ನೀವೇ ಒಂದು ಒಳ್ಳೇದು ಹೇಳಿ ಮೇಡಂ" ಅನ್ನುತ್ತಾರೆ. ನಾನು ಅಂಥದಕ್ಕೆಲ್ಲ ಬಾಯಿ ಹಾಕುವವಳಲ್ಲ. ಹೇಳಿದ ಸುಳ್ಳಿನ ರಸೀದಿಯನ್ನು ಆಮೇಲೆ ಎದುರಿನವರಿಗೆ ತೋರಿಸುವುದಾದರೆ ತೋರಿಸಬಹುದು. ರಸೀದಿ ನೋಡಿದ ಮೇಲೆ ಆ ಮಾತನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಬಾರದು ಎಂಬುದು ಊರಿನ ಪದ್ಧತಿ. ಹಾಗೆ ತೋರಿಸಿ ಸಹಿ ಹಾಕಿಸಿಕೊಂಡು ಬಂದವರ ಹೆಸರಿನ ಮುಂದೆ ಕೊನೆಯ ಕಾಲಂನಲ್ಲಿ "ತೋರಿಸಲಾಗಿದೆ" ಎಂದು ಬರೆಯುತ್ತೇನೆ. ನನ್ನ ಪಾಲಿನ ಸುಳ್ಳನ್ನು ಮಾತ್ರ ನಾನು ಒಂದು ವರ್ಷವೂ ಬಳಸಿದವಳಲ್ಲ. ಹಿಂದಿನ ವರ್ಷಗಳವೆಲ್ಲ ಹಾಗೇ ರದ್ದಾಗಿವೆ, ಬಿಕ್ಕಳಿಕೆಯೂ ಈ ವರ್ಷದವರೆಗೆ ಒಂದು ದಿನ ಬಂದದ್ದಿಲ್ಲ.

ನನ್ನ ಅರ್ಜಿದಾರರಲ್ಲಿ ಎಲ್ಲರಿಗಿಂತ ಶಿಸ್ತಿನವರೆಂದರೆ ವೀರಭದ್ರ. ಪುರಸಭೆಯಲ್ಲಿ ಬೀದಿ ಬೀದಿಗೆ ನೀರು ಬಿಡುವ ಕೆಲಸ ಅವರದು. ಹೆಸರು ವೀರಭದ್ರನಾದರೂ ಹಲ್ಲಿ ಕಂಡರೆ ಎರಡು ಹೆಜ್ಜೆ ಹಿಂದೆ ಸರಿಯುವ ಆಸಾಮಿ. ಪ್ರತಿ ಯುಗಾದಿಯ ಮರುದಿನವೇ ಬಂದು ಒಂದೇ ಸುಳ್ಳು ಬರೆಸುತ್ತಾರೆ: "ನಾಳೆ ಬೆಳಗ್ಗೆ ಆರಕ್ಕೆ ನೀರು ಬಿಡುತ್ತೇನೆ." ಬೇಸಿಗೆಯ ಅತಿ ಕೆಟ್ಟ ದಿನಕ್ಕೆಂದು ಅದನ್ನು ಜೋಪಾನವಾಗಿ ಕಾದಿಟ್ಟಿರುತ್ತಾರೆ. ಬಿಂದಿಗೆ ಹಿಡಿದ ಜನ ಸುತ್ತುವರಿದು ಇನ್ನೇನು ಕೈ ಮಾಡುತ್ತಾರೆ ಅನ್ನುವಾಗ ಆ ಒಂದು ಮಾತು ಹೇಳಿ, ಸೈಕಲ್ ಹತ್ತಿ ಪಾರಾಗುತ್ತಾರೆ. ಮಿಕ್ಕ ದಿನವೆಲ್ಲ ನಿಜ ಹೇಳಿ ಬೈಸಿಕೊಳ್ಳುತ್ತಾರೆ.

ಇದೇ ವೀರಭದ್ರ ಹನ್ನೊಂದು ವರ್ಷದ ಹಿಂದೆ, ನಾನು ಸೀತಾಳೆ ಸಿಡುಬು ಬಂದು ಹದಿನೈದು ದಿನ ರಜೆ ಹಾಕಿ ಕೆಲಸಕ್ಕೆ ಮರಳಿದ ದಿನ, ಪುರಸಭೆಯ ಹಿತ್ತಲಿನಲ್ಲಿ ನನ್ನನ್ನು ನಿಲ್ಲಿಸಿ, ನೆಲ ನೋಡುತ್ತ, "ನಿಮ್ಮನ್ನ ಮದುವೆ ಆಗ್ಬೇಕು ಅಂತ ನನಗೆ ಆಸೆ" ಅಂದರು. ಬಿಕ್ಕಳಿಕೆ ಬರಲಿಲ್ಲ. ಹೂಂ ಅನ್ನಬೇಕೆಂದು ಆ ಕ್ಷಣವೇ ತೀರ್ಮಾನಿಸಿದೆ. ಆದರೆ ತಕ್ಷಣ ಹೂಂ ಅಂದರೆ ನಮ್ಮ ಬೆಲೆ ನಾವೇ ಇಳಿಸಿಕೊಂಡಂತೆ ಎಂದು, "ಸೋಮವಾರ ಹೇಳ್ತೀನಿ" ಅಂದೆ. ಶನಿವಾರ, ನನ್ನ ರಜೆಯಲ್ಲಿ ಬದಲಿ ಗುಮಾಸ್ತ ಬರೆದಿದ್ದ ಪುಟಗಳನ್ನು ತಾಳೆ ನೋಡುತ್ತ ಕೂತಿದ್ದೆ. ಯಾರಿಗೆ: ಎರಡನೇ ಕೌಂಟರಿನ ಇಂದುಮತಿಯವರಿಗೆ. ಯಾವ ಸುಳ್ಳು: ನಿಮ್ಮನ್ನು ಮದುವೆಯಾಗಬೇಕೆಂದು ನನಗೆ ಆಸೆ. ಅರ್ಜಿದಾರರು: ವೀರಭದ್ರ.

ಕಡತದ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡು ಅತ್ತೆ. ಸೋಮವಾರ ನಾನು ಏನೂ ಹೇಳಲಿಲ್ಲ, ಅವರೂ ಏನೂ ಕೇಳಲಿಲ್ಲ. ಆಮೇಲೆ ನಮ್ಮಿಬ್ಬರ ನಡುವೆ ಫಾರಂ ಕೊಡಿ, ಇಲ್ಲಿ ಸಹಿ ಹಾಕಿ ಎಂಬುದಕ್ಕಿಂತ ಹೆಚ್ಚಿನ ಮಾತಿಲ್ಲ. ಆ ವರ್ಷದ ಬೇಸಿಗೆಯಲ್ಲಿ ಮೂರನೇ ಅಡ್ಡರಸ್ತೆಯ ತಾಯಮ್ಮ ಎಸೆದ ಸ್ಟೀಲ್ ಬಿಂದಿಗೆ ತಗುಲಿ ಅವರ ಎಡ ಹುಬ್ಬಿನ ಮೇಲೆ ಮೂರು ಹೊಲಿಗೆ ಬಿತ್ತು. ಸರಿಯಾಗಿ ಆಯಿತು ಅಂದುಕೊಂಡೆ. ಈಗ ಹೇಳಿಕೊಳ್ಳಲು ನಾಚಿಕೆ, ಆದರೆ ಅಂದುಕೊಂಡದ್ದು ನಿಜ.

ಪ್ರೊಫೆಸರ್ ನಂಜುಂಡಾರಾಧ್ಯರು ನಮ್ಮ ಊರಿಗೆ ಬಂದದ್ದು ಈ ವರ್ಷ ಮಳೆಗಾಲದ ಆರಂಭದಲ್ಲಿ. ಹೊಸದಾಗಿ ತೆರೆದ ಎಂಬಿಎ ಕಾಲೇಜಿನಲ್ಲಿ ಮಾಹಿತಿ ವ್ಯವಸ್ಥೆ ಮತ್ತು ವಂಚನೆ ಪತ್ತೆ ಎಂಬ ವಿಷಯ ಕಲಿಸಲು, ಜೊತೆಗೆ ಅದೇ ವಿಷಯದಲ್ಲಿ ಸಂಶೋಧನೆ ಮಾಡಲು. ಬಸ್ಸಿಳಿದವರು ಸೀದಾ ನನ್ನ ಕೌಂಟರಿಗೇ ಬಂದರು. "ಪ್ರಯಾಣ ಚೆನ್ನಾಗಾಯ್ತಾ ಸಾರ್?" ಎಂದೆ.

"ತುಂಬಾ ಚೆನ್ನಾಗಾಯ್ತು," ಅಂದರು. ಬಿಕ್ ಅಂದರು. "ಯಾರೋ ನೆನೆಸ್ಕೊಳ್ತಿದಾರೆ ಅಂತ ಕಾಣುತ್ತೆ," ಎಂದು ನಕ್ಕರು.

"ಯಾರೂ ನೆನೆಸ್ಕೊಳ್ತಿಲ್ಲ ಸಾರ್. ಪ್ರಯಾಣ ಹೇಗಾಯ್ತು ಅಂತ ನಿಜ ಹೇಳಿ, ನಿಲ್ಲುತ್ತೆ."

ಮುಕ್ಕಾಲು ಗಂಟೆ ಒದ್ದಾಡಿದರು, ಎರಡು ಚೊಂಬು ನೀರು ಕುಡಿದರು, ಮೂಗು ಹಿಡಿದುಕೊಂಡರು. ಕೊನೆಗೆ, ಪಕ್ಕದಲ್ಲಿ ಕೂತವನು ಇಡೀ ದಾರಿ ತಮ್ಮ ಹೆಗಲ ಮೇಲೆ ತಲೆಯಿಟ್ಟು ಗೊರಕೆ ಹೊಡೆದದ್ದು, ಹಿಂದಿನ ಸೀಟಿನಡಿ ಒಣಮೀನಿನ ಬುಟ್ಟಿ ಇದ್ದದ್ದು, ತಾವು ಕಿಟಕಿಯಿಂದ ವಾಂತಿ ಮಾಡಿಕೊಂಡದ್ದು ಎಲ್ಲವನ್ನೂ ಹೇಳಿದರು. ಬಿಕ್ಕಳಿಕೆ ನಿಂತಿತು. ಬೇರೆ ಯಾರೇ ಆಗಿದ್ದರೂ ಅದೇ ಬಸ್ಸಿಗೆ ವಾಪಸ್ ಹತ್ತುತ್ತಿದ್ದರು. ಇವರು ನನ್ನಿಂದ ಊರಿನ ಪದ್ಧತಿ ಕೇಳಿ ತಿಳಿದು, ಕೌಂಟರಿನ ಸರಳು ಹಿಡಿದುಕೊಂಡು, ನನ್ನ ಹಿಂದಿನ ರಿಜಿಸ್ಟರಿನ ಕಪಾಟನ್ನೇ ಆಸೆಯಿಂದ ನೋಡಿದರು.

"ಮೇಡಂ, ಇಪ್ಪತ್ತೆರಡು ವರ್ಷದಿಂದ ಮೋಸ ಕಂಡುಹಿಡಿಯೋದು ಹೇಗೆ ಅಂತ ಪಾಠ ಹೇಳ್ತಿದೀನಿ. ಕಂಪ್ಯೂಟರಿಗೆ ಕಲಿಸಬೇಕು ಅಂದ್ರೆ ಇದು ಮೋಸ, ಇದು ಅಲ್ಲ ಅಂತ ಒಂದೊಂದೇ ತೋರಿಸಿ ಕಲಿಸಬೇಕು. ಎಲ್ಲೇ ಹೋಗಲಿ, ಲಕ್ಷ ದಾಖಲೆ ಕೊಡ್ತಾರೆ. ಅದ್ರಲ್ಲಿ ಮೋಸ ಯಾವುದು ಅಂದ್ರೆ ಮೋಸ ಮಾಡಿದವನು ಬರೆದು ಕೊಡ್ತಾನಾ? ಇಲ್ಲಿ ಬರೆದು ಕೊಟ್ಟಿದಾರೆ! ಸಹಿ ಹಾಕಿ ಕೊಟ್ಟಿದಾರೆ!"

ರಿಜಿಸ್ಟರು ಕಛೇರಿಯಿಂದ ಹೊರಗೆ ಹೋಗುವಂತಿಲ್ಲ, ಹೋದರೆ ಗುಮಾಸ್ತರ ಸಮೇತ ಹೋಗಬೇಕು ಎಂಬುದು ನಿಯಮ. ಹಾಗಾಗಿ ವಾರದಲ್ಲಿ ಮೂರು ಮಧ್ಯಾಹ್ನ, ಹತ್ತೊಂಬತ್ತು ಸಂಪುಟಗಳ ಜೊತೆ ನನ್ನನ್ನೂ ಆಟೋದಲ್ಲಿ ಹೇರಿಕೊಂಡು ಕಾಲೇಜಿಗೆ ಒಯ್ಯತೊಡಗಿದರು. ಅರ್ಜಿದಾರರ ಹೆಸರಿನ ಮೇಲೂ, ಯಾರಿಗೆ ಎಂಬ ಕಾಲಂನ ಮೇಲೂ ನಾನು ಕಾಗದದ ಪಟ್ಟಿ ಅಂಟಿಸಿ, ಒಬ್ಬೊಬ್ಬರಿಗೆ ಒಂದೊಂದು ನಂಬರ್ ಕೊಟ್ಟೆ. ಗುಟ್ಟು ಕಾಯುವುದರಲ್ಲಿ ನಾನು ಯಾರಿಗೂ ಕಡಿಮೆಯಲ್ಲ. ವೀರಭದ್ರ ಇನ್ನೂರ ಹನ್ನೆರಡನೇ ನಂಬರ್ ಆದರು. ಹುಡುಗ ಹುಡುಗಿಯರು ಪುಟ ನೋಡಿ ಲ್ಯಾಪ್‌ಟಾಪಿಗೆ ಏರಿಸುವಾಗ ನಾನು ಕೊನೆಯ ಬೆಂಚಿನಲ್ಲಿ ಕಾವಲು ಕೂರುತ್ತಿದ್ದೆ. ಹೀಗೆ ನಲವತ್ತೆರಡನೇ ವಯಸ್ಸಿನಲ್ಲಿ ನನಗೆ ಎಂಬಿಎ ಓದುವ ಯೋಗ ಬಂತು.

ಪಾಠ ಶುರುವಾದ ಹೊಸತರಲ್ಲಿ ಪ್ರೊಫೆಸರರ ಪಾಡು ನೋಡಬೇಕಿತ್ತು. "ನಿಮ್ಮನ್ನೆಲ್ಲ ನೋಡಿ ನನಗೆ ಸಂತೋಷ," ಬಿಕ್. "ಈ ವಿಷಯ ಬಹಳ ಸುಲಭ," ಬಿಕ್. "ಒಳ್ಳೆಯ ಪ್ರಶ್ನೆ," ಬಿಕ್. ಹತ್ತು ದಿನದಲ್ಲಿ ಅವರಷ್ಟು ನೇರ ಮಾತಿನ ಮೇಷ್ಟ್ರು ಊರಿನಲ್ಲಿ ಇನ್ನೊಬ್ಬರಿರಲಿಲ್ಲ. "ಇದು ಪರೀಕ್ಷೆಗೆ ಬರುತ್ತಾ ಸಾರ್?" ಎಂದು ಹುಡುಗರು ಕೇಳಿದರೆ ಇಲ್ಲ ಅನ್ನುವಂತಿರಲಿಲ್ಲ, ಗೊತ್ತಿಲ್ಲ ಅನ್ನುವಂತೆಯೂ ಇರಲಿಲ್ಲ. ಮೊದಲನೇ ತಿಂಗಳಿನಲ್ಲೇ ಇಡೀ ಪ್ರಶ್ನೆಪತ್ರಿಕೆ ತರಗತಿಗೆ ಗೊತ್ತಾಗಿ, ಅವರು ಹೊಸದು ಬರೆಯಬೇಕಾಯಿತು. ಅದೂ ಮರುವಾರವೇ ಗೊತ್ತಾಯಿತು.

ಪಾಠ ಮಾತ್ರ ಚೆನ್ನಾಗಿ ಹೇಳುತ್ತಿದ್ದರು. ಮೋಸ ಹುಡುಕುವುದೆಂದರೆ ಸುಳ್ಳು ಹುಡುಕುವುದಲ್ಲ, ರೂಢಿ ತಪ್ಪಿದ ಜಾಗ ಹುಡುಕುವುದು ಎಂದು ಬೋರ್ಡಿನ ಮೇಲೆ ದಪ್ಪಕ್ಷರದಲ್ಲಿ ಬರೆದಿದ್ದರು. ದಿನಾ ಎಡಗಡೆ ತಿರುಗುವವನು ಒಂದು ದಿನ ಬಲಗಡೆ ತಿರುಗಿದನೋ, ಅಲ್ಲಿ ನಿಲ್ಲು, ಯಾಕೆ ಅಂತ ಕೇಳು. ಯಂತ್ರಕ್ಕೆ ಅನುಮಾನ ಬರುವುದು ಮಾತ್ರ ಗೊತ್ತು. ಕಾರಣ ಕೇಳಲು ಮನುಷ್ಯನೇ ಹೋಗಬೇಕು. ಇದನ್ನೆಲ್ಲ ನಾನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ. ಬರೆದುಕೊಂಡದ್ದು ಒಂದು, ಬುದ್ಧಿಗೆ ಹೋದದ್ದು ಇನ್ನೊಂದು.

ಅವರ ಪ್ರೋಗ್ರಾಮಿಗೆ ಹುಡುಗರು ಚಿತ್ರಗುಪ್ತ ಎಂದು ಹೆಸರಿಟ್ಟಿದ್ದರು. ಸುಳ್ಳು ಹೇಗಿರುತ್ತದೆಂದು ಕಲಿಸಲು ನನ್ನ ರಿಜಿಸ್ಟರು. ನಿಜ ಹೇಗಿರುತ್ತದೆಂದು ಕಲಿಸಲು ಪುರಸಭೆಯ ದೂರು ಪುಸ್ತಕ. ಜನ ಬಿಕ್ಕಳಿಸದೆ ಬಾಯಲ್ಲಿ ಹೇಳಿ ಬರೆಸಿದ್ದು ತಾನೆ. ಎರಡನ್ನೂ ತಿನ್ನಿಸಿ, ಆರು ವಾರದ ಮೇಲೆ, ರಿಜಿಸ್ಟರಿನ ಒಂದು ಭಾಗವನ್ನೇ ಮತ್ತೆ ಕೊಟ್ಟು ಇದು ಸುಳ್ಳೋ ನಿಜವೋ ಹೇಳು ಎಂದು ಕೇಳಿದರು. ಚಿತ್ರಗುಪ್ತ ಹತ್ತರಲ್ಲಿ ಮೂರು ನಿಜ ಅಂದಿತು.

ಪ್ರೊಫೆಸರ್ ಕನ್ನಡಕ ತೆಗೆದು ಒರೆಸಿಕೊಂಡರು. ಮತ್ತೆ ಕೇಳಿದರು. ಮತ್ತೆ ಹತ್ತರಲ್ಲಿ ಮೂರು. "ಇದರ ತಲೆ ಕೆಟ್ಟಿದೆ," ಅಂದರು. ಬಿಕ್ಕಳಿಕೆ ಬರಲಿಲ್ಲ, ಅಂದರೆ ಹಾಗೆಂದೇ ನಂಬಿದ್ದರು. ವಾರವೆಲ್ಲ ಗಡ್ಡ ಬೋಳಿಸಿಕೊಳ್ಳದೆ ತಿದ್ದಿದರು. ಚಿತ್ರಗುಪ್ತ ಜಗ್ಗಲಿಲ್ಲ. ಕೊನೆಗೆ ನನ್ನ ಬೆಂಚಿನ ಹತ್ತಿರ ಬಂದು ಕೂತರು.

"ಮೇಡಂ, ಒಂದು ಮಾತು. ಫಾರಂ ಕೊಡೋವಾಗ 'ಇದು ಸುಳ್ಳೇ ತಾನೆ?' ಅಂತ ಅವರ ಬಾಯಲ್ಲಿ ಹೇಳಿಸ್ತೀರಾ?"

"ಯಾಕೆ ಹೇಳಿಸಬೇಕು? ಸುಳ್ಳಿನ ಕೌಂಟರಿಗೆ ಬಂದು ನಿಜ ಯಾರ್ ಕೊಡ್ತಾರೆ?"

"ಅಂದ್ರೆ ಯಾವತ್ತೂ ಕೇಳಿಲ್ಲ."

"ನೋಡಿ ಸಾರ್," ನನಗೆ ಸಿಟ್ಟು ನೆತ್ತಿಗೇರಿತ್ತು, "ನನ್ನ ರಿಜಿಸ್ಟರಲ್ಲಿ ಒಂದೇ ಒಂದು ನಿಜ ಇದೆ ಅಂತ ತೋರಿಸಿಬಿಡಿ. ನಿಮ್ಮ ಚಿತ್ರಗುಪ್ತನಿಗೆ ನಾನೇ ಪೂಜೆ ಮಾಡಿಸ್ತೀನಿ."

ಆ ಪೂಜೆ ಇನ್ನೂ ಬಾಕಿ ಇದೆ. ಏಕೆಂದರೆ ಮರುವಾರವೇ ಅವರು ವಿದ್ಯಾರ್ಥಿಗಳಿಗೆ, ಚಿತ್ರಗುಪ್ತ ನಿಜ ಅಂದದ್ದನ್ನೆಲ್ಲ ಸಾಧ್ಯವಾದಷ್ಟು ಪರೀಕ್ಷಿಸಿಕೊಂಡು ಬನ್ನಿ ಎಂದು ಹೇಳಿ ಕಳಿಸಿದರು. ಒಬ್ಬ ಅರ್ಜಿದಾರ ಬರೆಸಿದ್ದ ಸುಳ್ಳು: "ಅಧ್ಯಕ್ಷರೇ, ಈ ಕೋಟು ನಿಮಗೆ ಒಪ್ಪುವುದಿಲ್ಲ." ಪುರಸಭೆಯ ಗೋಡೆಯ ಮೇಲೆ ಅಧ್ಯಕ್ಷರು ಆ ಕೋಟು ಹಾಕಿಕೊಂಡ ಫೋಟೋ ಇದೆ. ಹನ್ನೆರಡು ವಿದ್ಯಾರ್ಥಿಗಳು ಹೋಗಿ ನೋಡಿ ಬಂದರು, ಒಪ್ಪುತ್ತದೆ ಅನ್ನಲು ಯತ್ನಿಸಿದ ಹನ್ನೆರಡು ಜನಕ್ಕೂ ಬಿಕ್ಕಳಿಕೆ ಬಂತು. ಯಾರೋ ಒಬ್ಬ ಸೊಸೆ ಬರೆಸಿದ್ದ ಸುಳ್ಳು: "ಅತ್ತೆ, ನಿಮ್ಮ ಸಾರಿನಲ್ಲಿ ಉಪ್ಪು ಜಾಸ್ತಿ." ಮನೆ ಯಾವುದೆಂದು ನಾನು ಬಾಯಿ ಬಿಡಲಿಲ್ಲ. ಆದರೆ ಆ ಮನೆಯ ಐದೂ ಜನ ರಕ್ತದೊತ್ತಡದ ಮಾತ್ರೆ ನುಂಗುವುದು ನನಗೆ ಗೊತ್ತಿತ್ತು. ನಾನು ತಲೆ ತಗ್ಗಿಸಿ ಕೂತೆ.

ಜನ ಮಾಡಿದ್ದು ಇಷ್ಟು. ಹೇಳಲು ಧೈರ್ಯವಿಲ್ಲದ ನಿಜವನ್ನು ಸುಳ್ಳೆಂದು ನನ್ನ ಹತ್ತಿರ ಬರೆಸುವುದು, ಹೋಗಿ ಮುಖದ ಮೇಲೆ ಹೇಳುವುದು, ಎದುರಿನವರ ಮುಖ ಕೆಂಪಾಗುವಷ್ಟರಲ್ಲಿ ರಸೀದಿ ತೋರಿಸಿ "ಇದು ನನ್ನ ಈ ವರ್ಷದ ಸುಳ್ಳು ಅಷ್ಟೇ" ಎಂದು ನಗುವುದು. ಅಧ್ಯಕ್ಷರು ಬೆನ್ನು ತಟ್ಟಿ ಕಾಫಿ ಕುಡಿಸಿದ್ದರಂತೆ. ಹತ್ತೊಂಬತ್ತು ವರ್ಷ ನನ್ನ ಕೌಂಟರಿನಲ್ಲೇ, ನನ್ನ ಕೈಯಿಂದಲೇ, ನನ್ನ ಮುದ್ರೆ ಒತ್ತಿಸಿಕೊಂಡು! ಮನೆಗೆ ಹೋಗುವ ದಾರಿಯಲ್ಲಿ ಎದುರಾದವರೆಲ್ಲ ನನ್ನನ್ನು ನೋಡಿ ಒಳಗೊಳಗೇ ನಗುತ್ತಿದ್ದಾರೆ ಅನಿಸಿತು.

ಆದರೆ ಅವಮಾನದ ಅಡಿಯಲ್ಲಿ ಇನ್ನೊಂದು ಯೋಚನೆ ಮೆಲ್ಲಗೆ ಎದ್ದು ಕೂತಿತ್ತು. ಹತ್ತರಲ್ಲಿ ಮೂರು ನಿಜವಾದರೆ, ಇನ್ನೂರ ಹನ್ನೆರಡನೇ ನಂಬರಿನದು ಏನು? ಹನ್ನೊಂದು ವರ್ಷ ನಾನು ಅದರ ಮುಂದೆ ಪ್ರಶ್ನೆಯನ್ನೇ ಇಟ್ಟಿರಲಿಲ್ಲ. ರಿಜಿಸ್ಟರಿನಲ್ಲಿದೆ, ಆದ್ದರಿಂದ ಸುಳ್ಳು; ಅಲ್ಲಿಗೆ ಮುಗಿಯಿತು. ಈಗ ರಾತ್ರಿ ಅನ್ನ ಸೇರಲಿಲ್ಲ. ಮರುದಿನ ಏನೋ ಕೆಲಸಕ್ಕೆ ಬಂದವಳ ಹಾಗೆ ಲ್ಯಾಪ್‌ಟಾಪಿನ ಹತ್ತಿರ ಹೋಗಿ, ಉದಾಹರಣೆಗೆ ಎಂಟನೇ ಸಂಪುಟದ ಈ ಇನ್ನೂರ ಹನ್ನೆರಡನ್ನು ನೋಡಿ ಸಾರ್, ಇದಕ್ಕೆ ಚಿತ್ರಗುಪ್ತ ಏನನ್ನುತ್ತೆ ಎಂದು ಕೇಳಿದೆ. ಇನ್ನೂ ನೋಡಿಲ್ಲ ಅಂದರು. ಬುಧವಾರ ಮತ್ತೆ ಕೇಳಿದೆ.

ಶುಕ್ರವಾರ ಪ್ರೊಫೆಸರ್ ಹುರುಪಿನಿಂದ ತರಗತಿಗೆ ಬಂದರು. ಗುಟ್ಟು ಸಿಕ್ಕಿತ್ತು. "ಕೊನೆಯ ಕಾಲಂ ನೋಡಿ! ನಿಜವಾಗಿ ಸುಳ್ಳು ಹೇಳಿದವನು ರಸೀದಿ ತೋರಿಸ್ತಾನಾ? ಅವನಿಗೆ ಎದುರಿನವರು ನಂಬಬೇಕು. ರಸೀದಿನ ಬಚ್ಚಿಡ್ತಾನೆ, ಸುಟ್ಟೂ ಹಾಕ್ತಾನೆ. ಓಡಿ ಬಂದು ರಸೀದಿ ತೋರಿಸೋನು ನಿಜ ಹೇಳಿ ತಪ್ಪಿಸಿಕೊಳ್ಳೋನು. ತೋರಿಸಿದ್ದು ನಿಜ, ತೋರಿಸದೇ ಇದ್ದದ್ದು ಸುಳ್ಳು. ಇಷ್ಟೇ ವಿಷಯ." ಹುಡುಗರು ಚಪ್ಪಾಳೆ ತಟ್ಟಿದರು. ನನ್ನ ಮಡಿಲಿನಲ್ಲಿ ಎಂಟನೇ ಸಂಪುಟ ಇತ್ತು. ತೆರೆದು ನೋಡುವ ಅಗತ್ಯವಿರಲಿಲ್ಲ. ವೀರಭದ್ರರ ಹೆಸರಿನ ಮುಂದೆ ಕೊನೆಯ ಕಾಲಂ ಖಾಲಿ ಎಂಬುದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಅವರು ನನಗೆ ರಸೀದಿ ತೋರಿಸಿರಲಿಲ್ಲ. ನನಗೆ ಎರಡನೇ ಸಲ ಅಳು ಬಂತು, ಈ ಸಲ ಬಾಗಿಲು ಹಾಕಿಕೊಳ್ಳಲೂ ಆಗದೆ, ಹದಿನೆಂಟು ಜನ ಎಂಬಿಎ ವಿದ್ಯಾರ್ಥಿಗಳ ಹಿಂದೆ. ಎದುರಿನ ಬೆಂಚಿನ ಹುಡುಗಿ ತಿರುಗಿ, "ಧೂಳಾ ಮೇಡಂ?" ಎಂದು ಕೇಳಿದಳು. ಉತ್ತರ ಕೊಡದೆ ಮೂಗು ಒರೆಸಿಕೊಂಡೆ. ಹೌದು ಅಂದಿದ್ದರೆ ಬಿಕ್ಕಳಿಕೆ.

ಸಂಶೋಧನೆ ಮುಗಿದದ್ದಕ್ಕೆ ಕಾಲೇಜಿನಲ್ಲಿ ಒಂದು ಸಮಾರಂಭ. ಅಧ್ಯಕ್ಷರು ಅದೇ ಕೋಟಿನಲ್ಲಿ ಬರುವವರಿದ್ದರು. ಅದರ ಹಿಂದಿನ ದಿನ ಪ್ರೊಫೆಸರ್ ನನ್ನ ಕೌಂಟರಿಗೆ ಬಂದು ಹಸಿರು ಫಾರಂ ಕೇಳಿದರು. ಯಾವ ಸುಳ್ಳು ಎಂಬ ಕಾಲಂನಲ್ಲಿ ಬರೆದರು: "ನಿಮ್ಮ ಸುಳ್ಳಿನ ರಿಜಿಸ್ಟರಿನಲ್ಲಿ ಒಂದು ನಿಜವೂ ಇಲ್ಲ."

"ಇದು ಸುಳ್ಳೇ ತಾನೆ ಸಾರ್? ಬಾಯಲ್ಲಿ ಹೇಳಿ," ಎಂದೆ. ಈಗೀಗ ಎಲ್ಲರನ್ನೂ ಕೇಳುತ್ತಿದ್ದೆ.

"ಸುಳ್ಳೇ ಮೇಡಂ. ಇಪ್ಪತ್ತೆರಡು ವರ್ಷ ಮೋಸ ಹಿಡಿದೆ, ಈಗ ಒಂದು ಸಲ ಮಾಡೋಣ ಅಂತ. ಅಧ್ಯಕ್ಷರಿಗೆ ನಿಜ ಹೇಳಿದ್ರೆ ಆ ಕೋಟಿನ ಮಾತು ಬರೆಸಿದವನ ಕಥೆ ಮುಗೀತು. ಆ ಸೊಸೆ ಮನೆ ಬಿಡಬೇಕಾಗುತ್ತೆ."

ಸಮಾರಂಭದಲ್ಲಿ ಅಧ್ಯಕ್ಷರು ಎದ್ದು ನಿಂತು ಕೇಳಿಯೇಬಿಟ್ಟರು, ನಮ್ಮ ರಿಜಿಸ್ಟರು ಹೇಗಿದೆ ಎಂದು. ಪ್ರೊಫೆಸರ್ ಬರೆಸಿದ ಮಾತನ್ನು ಬರೆಸಿದ ಹಾಗೆಯೇ ಹೇಳಿದರು. ಬಿಕ್ಕಳಿಕೆ ಬರಲಿಲ್ಲ. ಸಭೆಯಲ್ಲಿ ಹತ್ತರಲ್ಲಿ ಮೂರು ಜನ ಉಸಿರು ಬಿಟ್ಟದ್ದು ನನಗೆ ಕೇಳಿಸಿತು.

ಕೊನೆಯ ದಿನ ಸೋಮವಾರ. ಅವತ್ತು ಮಾತ್ರ ಬೆಳಗ್ಗೆಯೇ ಕಾಲೇಜಿಗೆ ಹೋಗಿ, ಹತ್ತೂವರೆಗೆ ಸಂಪುಟಗಳನ್ನು ಬಟ್ಟೆಯಲ್ಲಿ ಕಟ್ಟುತ್ತಿದ್ದೆ. ಪ್ರೊಫೆಸರ್ ಲ್ಯಾಪ್‌ಟಾಪ್ ಮುಚ್ಚುವವರಿದ್ದರು. ಕೇಳಬಾರದು ಎಂದುಕೊಂಡರೂ ಬಾಯಿ ತಡೆಯಲಿಲ್ಲ. "ಆ ಇನ್ನೂರ ಹನ್ನೆರಡು... ರಸೀದಿ ತೋರಿಸಿಲ್ಲ ಅಂದ್ರೆ ಖಂಡಿತ ಸುಳ್ಳೇ ಅಲ್ವಾ ಸಾರ್?"

ಪ್ರೊಫೆಸರ್ ಲ್ಯಾಪ್‌ಟಾಪ್ ತೆರೆದರು. "ಕೂತ್ಕೊಳ್ಳಿ. ಈ ರಿಜಿಸ್ಟರಲ್ಲಿ ಎಂಟು ಸಾವಿರ ದಾಖಲೆ ಇದೆ. ಮಿಕ್ಕ ಒಂದರ ಬಗ್ಗೆಯೂ ನೀವು ನನ್ನ ಕೇಳಿಲ್ಲ. ಇದೊಂದನ್ನ ಆರು ಸಲ ಕೇಳಿದ್ರಿ, ಇದು ಏಳನೇದು. ನಾನು ಇದನ್ನೇ ಅಲ್ವಾ ಪಾಠ ಹೇಳೋದು?" ನನಗೆ ಮುಖ ಎಲ್ಲಿ ಇಟ್ಟುಕೊಳ್ಳಬೇಕೆಂದು ತಿಳಿಯಲಿಲ್ಲ. "ಹೆಸರು ಕೇಳಲ್ಲ, ಗಾಬರಿಯಾಗಬೇಡಿ. ಚಿತ್ರಗುಪ್ತ ಇದೊಂದರ ಮುಂದೆ ಏನೂ ಬರೀದೆ ಬಿಟ್ಟಿದೆ. ರಸೀದಿ ತೋರಿಸಿಲ್ಲ, ಅದಕ್ಕೆ ಸುಳ್ಳು ಅನ್ನಬೇಕು. ಆದ್ರೆ ಇಲ್ಲಿ ನೋಡಿ."

ಪರದೆಯ ಮೇಲೆ ಇನ್ನೂರ ಹನ್ನೆರಡನೇ ನಂಬರಿನ ಹತ್ತೊಂಬತ್ತು ವರ್ಷ ಸಾಲಾಗಿತ್ತು. ನಾಳೆ ಬೆಳಗ್ಗೆ ಆರಕ್ಕೆ ನೀರು. ನಾಳೆ ಬೆಳಗ್ಗೆ ಆರಕ್ಕೆ ನೀರು. ಏಳು ವರ್ಷ ಅದೇ. ಎಂಟನೆಯದು ಮದುವೆಯಾಗುವ ಆಸೆ. ಮತ್ತೆ ಹನ್ನೊಂದು ವರ್ಷ ನೀರು, ನೀರು, ನೀರು.

"ಈ ಮನುಷ್ಯನಿಗೆ ಆ ನೀರಿನ ಸುಳ್ಳು ಎಷ್ಟು ಬೇಕಾಗಿದೆ ನೋಡಿ. ಅದಿಲ್ದೆ ಬೇಸಿಗೆ ಕಳಿಯೋದೇ ಕಷ್ಟ ಇರಬೇಕು. ಆ ಒಂದು ವರ್ಷ ಅದನ್ನ ಬಿಟ್ಟುಕೊಟ್ಟಿದಾನೆ. ಯಾರನ್ನೋ ತಮಾಷೆ ಮಾಡೋಕೆ ಇಷ್ಟು ದೊಡ್ಡದನ್ನ ಯಾರೂ ಬಿಟ್ಟುಕೊಡಲ್ಲ ಮೇಡಂ. ಆ ವರ್ಷ ಬೇಸಿಗೆಯಲ್ಲಿ ಅವನ ಗತಿ ಏನಾಯ್ತೋ."

ಮೂರು ಹೊಲಿಗೆ. ಎಡ ಹುಬ್ಬಿನ ಮೇಲೆ. ಸರಿಯಾಗಿ ಆಯಿತು ಅಂದುಕೊಂಡಿದ್ದೆ.

"ಹಾಗಾದ್ರೆ ನಿಜವಾ ಸಾರ್?"

"ನನಗೆ ಗೊತ್ತಿಲ್ಲ," ಅಂದರು. ಬಿಕ್ಕಳಿಕೆ ಬರಲಿಲ್ಲ. "ಒಂದು ಗುರುತು ಸುಳ್ಳು ಅನ್ನುತ್ತೆ, ಇನ್ನೊಂದು ನಿಜ ಅನ್ನುತ್ತೆ. ಇಂಥ ಕಡೆ ಏನು ಮಾಡಬೇಕು ಅಂತ ನಿಮ್ಮ ನೋಟ್ಸ್‌ನಲ್ಲೇ ಇರಬೇಕಲ್ಲ."

ಹತ್ತೊಂಬತ್ತು ಸಂಪುಟಗಳನ್ನು ಕಾಲೇಜಿನ ಬೆಂಚಿನ ಮೇಲೆ ಕಾವಲಿಲ್ಲದೆ ಬಿಟ್ಟು ಹೊರಟೆ. ನಿಯಮದ ಪ್ರಕಾರ ಅದು ಅಮಾನತಿಗೆ ಸಾಕಾಗುವ ತಪ್ಪು. ಮೂರನೇ ಅಡ್ಡರಸ್ತೆಯ ತಿರುವಿನಲ್ಲಿ ವೀರಭದ್ರ ವಾಲ್ವಿನ ಗುಂಡಿಯ ಪಕ್ಕ ಕೂತು ಏನೋ ಬಿಗಿ ಮಾಡುತ್ತಿದ್ದರು. ಸುತ್ತ ಹದಿನೈದು ಇಪ್ಪತ್ತು ಹೆಂಗಸರು, ಎಲ್ಲರ ಕಂಕುಳಲ್ಲೂ ಖಾಲಿ ಬಿಂದಿಗೆ. ಎದುರಿಗೆ ಅದೇ ತಾಯಮ್ಮ. "ಇವತ್ತು ನಿಮ್ಮ ಸರದಿ ಅಲ್ಲ ಕಣಕ್ಕ, ನಾಡಿದ್ದು," ಎಂದು ಅವರು ಹೇಳುತ್ತಿದ್ದರು.

ನನ್ನನ್ನು ಕಂಡು ಎದ್ದು ನಿಂತರು. ಹೇಗೆ ಶುರು ಮಾಡಬೇಕೆಂದು ದಾರಿಯುದ್ದಕ್ಕೂ ಯೋಚಿಸಿದ್ದೆ, ಎಲ್ಲ ಮರೆತುಹೋಯಿತು.

"ಹನ್ನೊಂದು ವರ್ಷದ ಹಿಂದೆ ನನಗೊಂದು ಮಾತು ಹೇಳಿದ್ರಲ್ಲ. ಅದು ಸುಳ್ಳೋ ನಿಜವೋ?"

ಅವರ ಕೈಯಲ್ಲಿದ್ದ ಕಬ್ಬಿಣದ ಸಲಾಕೆ ಠಣ್ ಎಂದು ನೆಲಕ್ಕೆ ಬಿತ್ತು. "ಇಲ್ಲಿ... ಎಲ್ಲರ ಎದುರಿಗಾ ಮೇಡಂ?"

"ಈ ವರ್ಷದ ನಿಮ್ಮ ಸುಳ್ಳು ಬೇಸಿಗೇಲೇ ಮುಗಿದಿದೆ. ಎಲ್ಲರ ಎದುರಿಗೇ ಹೇಳಿ."

ಅವರು ಹೆಂಗಸರನ್ನು ನೋಡಿದರು, ಗುಂಡಿಯನ್ನು ನೋಡಿದರು, ಓಡಿಹೋಗಲು ಸೈಕಲ್ ಎಲ್ಲಿದೆ ಎಂದೂ ನೋಡಿದರು. ಆಮೇಲೆ ಮೊದಲ ಸಲ ನೆಲ ಬಿಟ್ಟು ನನ್ನ ಮುಖ ನೋಡಿದರು. "ನಿಜ," ಅಂದರು.

ಇಡೀ ಬೀದಿ ಕಿವಿ ನಿಮಿರಿಸಿ ಕಾಯಿತು. ತಾಯಮ್ಮ ಅವರ ಗಂಟಲನ್ನೇ ನೋಡುತ್ತ ಬೆರಳು ಮಡಿಚಿ ಎಣಿಸಿದಳು. ಹತ್ತಾಯಿತು, ಇಪ್ಪತ್ತಾಯಿತು. ಬಿಕ್ಕಳಿಕೆ ಬರಲಿಲ್ಲ.

"ಮತ್ತೆ ಸುಳ್ಳು ಅಂತ ಯಾಕೆ ಬರೆಸಿದ್ರಿ?"

"ನೀವು ಬೇಡ ಅಂದ್ಬಿಟ್ರೆ ರಸೀದಿ ತೋರಿಸಿ, ಇದು ನನ್ನ ಈ ವರ್ಷದ ಸುಳ್ಳು ಅನ್ನೋಣ ಅಂತ. ಮಾನ ಉಳೀತಿತ್ತು."

"ಮತ್ತೆ ತೋರಿಸಲಿಲ್ಲ ಯಾಕೆ?"

ಅಂಗಿಯ ಜೇಬಿನಿಂದ ಅವರು ರಸೀದಿ ತೆಗೆದರು. ಕೆಲಸ ನೀರಿನದಲ್ಲವೇ, ನೆನೆಯದಿರಲೆಂದು ಲ್ಯಾಮಿನೇಷನ್ ಮಾಡಿಸಿದ್ದರು. "ನೀವು ಬೇಡ ಅನ್ನಲೇ ಇಲ್ವಲ್ಲ. ಸೋಮವಾರ ಹೇಳ್ತೀನಿ ಅಂದ್ರಿ. ಯಾವ ಸೋಮವಾರ ಅಂತ ಹೇಳಿರಲಿಲ್ಲ."

ಹನ್ನೊಂದು ವರ್ಷ. ಪ್ರತಿ ಸೋಮವಾರ ಈ ಮನುಷ್ಯ ಏನಾದರೊಂದು ನೆಪದಲ್ಲಿ ಕೌಂಟರಿನ ಮುಂದೆ ಸುಳಿದಾಡಿ ಹೋಗುತ್ತಿದ್ದದ್ದು ನನಗೆ ಈಗ ನೆನಪಾಯಿತು. ಪಾಪ ಅನಿಸಬೇಕಿತ್ತು. ನನಗೆ ಬಂದದ್ದು ಸಿಟ್ಟು. ಇವರ ಮೇಲೆ, ನನ್ನ ಮೇಲೆ, ನನ್ನ ರಿಜಿಸ್ಟರಿನ ಮೇಲೆ, ಬೆರಳು ಮಡಿಚಿಕೊಂಡು ನಿಂತಿದ್ದ ತಾಯಮ್ಮನ ಮೇಲೆ. ಹತ್ತೊಂಬತ್ತು ವರ್ಷದಲ್ಲಿ ಒಂದು ದಿನವೂ ಮಾಡದ್ದನ್ನು ಅವತ್ತು ಮಾಡಿದೆ. ಫಾರಂ ಇಲ್ಲದೆ, ರಸೀದಿ ಇಲ್ಲದೆ, ತಲೆಯೆತ್ತಿ ಹೇಳಿದೆ: "ಈಗ ನನಗೆ ಅಂಥ ಆಸೆಯೇನೂ ಉಳಿದಿಲ್ಲ."

ಬಿಕ್.

ತಾಯಮ್ಮ ಬಿಂದಿಗೆ ಕೆಳಗಿಟ್ಟು, ಸೊಂಟ ಹಿಡಿದುಕೊಂಡು ನಗತೊಡಗಿದಳು. "ಅಯ್ಯೋ, ಸುಳ್ಳಿನ ಕೌಂಟರಿಗೇ ಬಿಕ್ಕಳಿಕೆ ಬಂತಲ್ರೇ!" ನಾನು ಬಾಯಿ ಮುಚ್ಚಿಕೊಂಡೆ. ಬಿಕ್. ಸೆರಗು ತುರುಕಿಕೊಂಡೆ. ಬಿಕ್. ವೀರಭದ್ರ ಮಾತ್ರ ನಗಲಿಲ್ಲ. ಗಾಬರಿಯಾಗಿ ಸಲಾಕೆ ಎತ್ತಿಕೊಂಡು ಗುಂಡಿಗೆ ತೂರಿಸಿ ವಾಲ್ವ್ ಪೂರ್ತಿ ತಿರುಗಿಸಿಬಿಟ್ಟರು. ಬೀದಿಯ ನಲ್ಲಿ ಬುಸುಗುಟ್ಟಿತು, ಕೆಮ್ಮಿತು, ಸುರಿಯತೊಡಗಿತು. ಬೊಗಸೆಯಲ್ಲಿ ನೀರು ಹಿಡಿದು ಓಡಿ ಬಂದರು, "ಕುಡೀರಿ, ಕುಡೀರಿ" ಅಂದರು. ನೀರಿಗೆ ನಿಲ್ಲುವ ಬಿಕ್ಕಳಿಕೆ ಅದಲ್ಲವೆಂದು ಅವರಿಗೂ ಗೊತ್ತಿತ್ತು. ನೀರು ಬಿಡುವವರಿಗೆ ಬೇರೇನು ಮಾಡಲು ಬರುತ್ತದೆ? ನಾನೂ ಕುಡಿದೆ.

"ಇವತ್ತು," ಬಿಕ್, "ಇವತ್ತು ಸೋಮವಾರ ಅಲ್ವಾ?"

"ಹೌದು ಮೇಡಂ."

"ಹೇಳ್ತಿದೀನಿ ಕೇಳಿ. ಆಸೆ ಇದೆ. ಅವತ್ತಿಂದ ಇವತ್ತಿನವರೆಗೂ ಇದೆ. ಹೂಂ."

ಬಿಕ್ಕಳಿಕೆ ನಿಂತಿತು. ನೀರು ಮಾತ್ರ ಮೂರನೇ ಅಡ್ಡರಸ್ತೆಯಲ್ಲಿ ಸಂಜೆಯವರೆಗೂ ಬರುತ್ತಲೇ ಇತ್ತು. ವಾಲ್ವ್ ಮುಚ್ಚುವುದು ಅವರಿಗೆ ಮರೆತುಹೋಗಿತ್ತು, ನೆನಪಿಸುವುದು ತಾಯಮ್ಮನಿಗೆ ಬೇಕಿರಲಿಲ್ಲ.